ಬಿಸಿಲಿನ ಅಳತೆಗೋಲು ಇರುವ ಊರು

ಜಗತ್ತಿನ ಯಾವುದೋ ಹವಾಮಾನ ಕೇಂದ್ರದಲ್ಲಿ ‘ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಇಷ್ಟು ವ್ಯಾಟ್’ ಎಂದು ದಾಖಲಾದರೆ, ಆ ಅಂಕಿಯ ಬೇರು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಒಂದು ಹಳೆಯ ಶಾಲಾ ಕಟ್ಟಡಕ್ಕೆ ಹೋಗಿ ಮುಟ್ಟುತ್ತದೆ. ಆ ಕಟ್ಟಡದಲ್ಲಿರುವುದು ದಾವೋಸ್ ಭೌತ-ಹವಾಮಾನ ವೀಕ್ಷಣಾಲಯ. ಜರ್ಮನ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ವಿಜ್ಞಾನಿಗಳು ಇದನ್ನು ಪಿಎಂಒಡಿ ಎಂದೇ ಕರೆಯುತ್ತಾರೆ. ವಿಶ್ವ ಹವಾಮಾನ ಸಂಸ್ಥೆಯ ಪರವಾಗಿ ವಿಶ್ವ ವಿಕಿರಣ ಕೇಂದ್ರವನ್ನು ನಡೆಸುವ ಹೊಣೆ 1971ರಿಂದ ಇದರದೇ. ನಮ್ಮ ಪತ್ರಿಕೆಗಳಲ್ಲಿ ದಾವೋಸ್ ಹೆಸರು ಕಾಣುವುದು ಜನವರಿಯಲ್ಲಿ, ವಿಶ್ವ ಆರ್ಥಿಕ ವೇದಿಕೆಯ ಸಭೆಗೆ ಮಂತ್ರಿಗಳೂ ಉದ್ಯಮಿಗಳೂ ಹೊರಟಾಗ. ಅದೇ ಊರಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬಿಸಿಲನ್ನು ಅಳೆಯುತ್ತಿರುವವರ ಸುದ್ದಿ ಅಷ್ಟಾಗಿ ಬರುವುದಿಲ್ಲ.

ಸಂಸ್ಥೆ ಹುಟ್ಟಿದ್ದು ಕ್ಷಯರೋಗದ ದೆಸೆಯಿಂದ. ಎತ್ತರದ ಒಣಹವೆಯಲ್ಲಿ ಕ್ಷಯರೋಗಿಗಳು ಚೇತರಿಸಿಕೊಳ್ಳುತ್ತಾರೆಂದು 1860ರ ದಶಕದಲ್ಲಿ ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ವೈದ್ಯರು ಹೇಳತೊಡಗಿದ ಮೇಲೆ, ಸುಮಾರು 1,560 ಮೀಟರ್ ಎತ್ತರದ ಈ ಕಣಿವೆಗೆ ಯುರೋಪಿನ ಮೂಲೆಮೂಲೆಗಳಿಂದ ರೋಗಿಗಳು ಬಂದರು. ಬಿಸಿಲಿಗೆ ಮುಖ ಮಾಡಿದ ಉದ್ದುದ್ದ ಬಾಲ್ಕನಿಗಳ ಸ್ಯಾನಟೋರಿಯಂಗಳು ಎದ್ದವು. ಅಂದಿನ ಜರ್ಮನಿಯ ಕೋನಿಗ್ಸ್‌ಬರ್ಗ್ ನಗರದ ವ್ಯಾಪಾರಿ ಕಾರ್ಲ್ ಡೋರ್ನೊ ಇಲ್ಲಿಗೆ ಬಂದದ್ದೂ ಮಗಳ ಕಾಯಿಲೆಗಾಗಿ. ಇಲ್ಲಿನ ಬೆಳಕಿನಲ್ಲಿ, ಗಾಳಿಯಲ್ಲಿ ರೋಗಿಗೆ ಒಳಿತು ಮಾಡುವುದಾದರೂ ಏನು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ವೈದ್ಯರ ಬಳಿ ಅನುಭವದ ಮಾತು ಇತ್ತೇ ಹೊರತು ಅಳತೆ ಇರಲಿಲ್ಲ. 1907ರಲ್ಲಿ ಡೋರ್ನೊ ತಮ್ಮ ಸ್ವಂತ ಹಣ ಹಾಕಿ ವೀಕ್ಷಣಾಲಯ ಕಟ್ಟಿ, ಅಳೆಯಲು ಕೂತರು.

ಅವರ ಗಮನ ವಿಶೇಷವಾಗಿ ಹರಿದದ್ದು ಅತಿನೇರಳೆ ಕಿರಣಗಳ ಕಡೆಗೆ. ಚರ್ಮವನ್ನು ಕೆಂಪಾಗಿಸುವ, ದೇಹದಲ್ಲಿ ಡಿ ವಿಟಮಿನ್ ಹುಟ್ಟಿಸುವ ಕಿರಣಗಳ ಪಟ್ಟಿಗೆ ‘ಡೋರ್ನೊ ವಿಕಿರಣ’ ಎಂಬ ಹೆಸರು ಬಹುಕಾಲ ಬಳಕೆಯಲ್ಲಿತ್ತು. ಇಂದು ಅದನ್ನು ಯುವಿ-ಬಿ ಎನ್ನುತ್ತಾರೆ. ಎತ್ತರಕ್ಕೆ ಹೋದಂತೆ ಮೇಲಿರುವ ಗಾಳಿಯ ಪದರ ತೆಳುವಾಗುವುದರಿಂದ ಈ ಕಿರಣಗಳು ಹೆಚ್ಚು ಉಳಿದು ಬರುತ್ತವೆ. ಸುತ್ತ ಹಿಮವಿದ್ದರೆ ಅದರಿಂದ ಪುಟಿದು ಬರುವ ಪಾಲೂ ಸೇರುತ್ತದೆ. ಮೊದಲ ಮಹಾಯುದ್ಧದ ನಂತರದ ಹಣದುಬ್ಬರ ಡೋರ್ನೊ ಅವರ ಸಂಪತ್ತನ್ನು ನುಂಗಿಹಾಕಿತು. ಸಂಸ್ಥೆಯನ್ನು ಒಂದು ಪ್ರತಿಷ್ಠಾನದ ಮಡಿಲಿಗೆ ಹಾಕಿ ಅವರು 1926ರಲ್ಲಿ ನಿವೃತ್ತರಾದರು. ಮುಂದೆ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದು, ಕ್ಷಯಕ್ಕೆ ಬೆಟ್ಟದ ಬಿಸಿಲಿನ ಅಗತ್ಯ ತಪ್ಪಿತು. ಸ್ಯಾನಟೋರಿಯಂಗಳು ಒಂದೊಂದಾಗಿ ಹೋಟೆಲುಗಳಾದವು. ವೀಕ್ಷಣಾಲಯ ಮಾತ್ರ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಅದರ ಕೈಯಲ್ಲಿ ಕ್ಷಯಕ್ಕೆ ಸಂಬಂಧವೇ ಇಲ್ಲದ ಒಂದು ವಿದ್ಯೆ ಪಳಗಿತ್ತು. ಬಿಸಿಲನ್ನು ತಪ್ಪಿಲ್ಲದೆ ಅಳೆಯುವ ವಿದ್ಯೆ ಅದು.

ಇದು ಕೇಳಲು ಸುಲಭ, ಮಾಡಲು ಕಷ್ಟ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬಿಸಿಲಿಗೆ ಎರಡು ಅಳತೆಗೋಲುಗಳಿದ್ದವು. ಸ್ವೀಡನ್ನಿನ ಕ್ನುಟ್ ಆಂಗ್‌ಸ್ಟ್ರಾಮ್ ರೂಪಿಸಿದ ಉಪಕರಣವನ್ನು ಆಧರಿಸಿದ್ದು ಒಂದು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಚಾರ್ಲ್ಸ್ ಗ್ರೀಲಿ ಅಬ್ಬಟ್ ಬೆಳೆಸಿದ್ದು ಇನ್ನೊಂದು. ಒಂದೇ ಸೂರ್ಯನಿಗೆ ಇವೆರಡೂ ಹಿಡಿದರೆ ಶೇ 3.5ರಷ್ಟು ವ್ಯತ್ಯಾಸ ಬರುತ್ತಿತ್ತು. 1956ರಲ್ಲಿ ಒಂದು ರಾಜಿಯಾಯಿತು: ಮೊದಲನೆಯದಕ್ಕೆ ಶೇ 1.5 ಕೂಡಿಸುವುದು, ಎರಡನೆಯದರಿಂದ ಶೇ 2 ಕಳೆಯುವುದು. ಪಂಚಾಯಿತಿಯ ತೀರ್ಪಿನಂಥ ಈ ಒಪ್ಪಂದದಿಂದ ಜಗಳ ನಿಂತಿತು, ಆದರೆ ನಿಜವಾದ ಬೆಲೆ ಎಷ್ಟು ಎಂಬುದು ತಿಳಿಯಲಿಲ್ಲ. ಎರಡು ದೇಶಗಳ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡುವವನಿಗೆ, ಬಿಸಿಲು ಬೇರೆಯೋ ಉಪಕರಣ ಬೇರೆಯೋ ಎಂದು ಹೇಳಲಾಗದ ಸ್ಥಿತಿ.

ಈ ಗೊಂದಲದಿಂದ ಹೊರಬರಲು ನೆರವಾದದ್ದು ಕುಹರ ರೇಡಿಯೊಮೀಟರ್ ಎಂಬ ಉಪಕರಣ. ಅದರ ಹೃದಯ ಒಂದು ಪುಟ್ಟ ಲೋಹದ ಗೂಡು. ಒಳಗೋಡೆಗೆ ಕಪ್ಪು ಬಳಿದಿರುತ್ತದೆ. ಒಳಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಹೆಚ್ಚುಕಡಿಮೆ ಪೂರ್ತಿ ಹೀರಿಹೋಗುತ್ತದೆ. ಗೂಡಿನ ಮುಂದೆ ನಿಖರವಾಗಿ ಕೊರೆದ ದುಂಡು ರಂಧ್ರ. ದಾವೋಸ್‌ನಲ್ಲೇ ರೂಪುಗೊಂಡ ಪಿಎಂಒ-6 ಮಾದರಿಯಲ್ಲಿ ಅದರ ವ್ಯಾಸ 5 ಮಿಲಿಮೀಟರ್. ಚದರ ಮೀಟರಿಗೆ 1,000 ವ್ಯಾಟ್‌ನ ಪ್ರಖರ ಬಿಸಿಲಿನಲ್ಲೂ ಇಷ್ಟು ಚಿಕ್ಕ ಕಿಂಡಿಯಿಂದ ಒಳಗೆ ಬರುವುದು ಒಂದು ವ್ಯಾಟ್‌ನ ಐವತ್ತನೇ ಒಂದು ಭಾಗದಷ್ಟು ಶಕ್ತಿ. ಅದನ್ನು ಅಳೆಯುವ ಉಪಾಯ ಸೊಗಸಾಗಿದೆ. ಬಾಗಿಲು ತೆರೆದಾಗ ಬಿಸಿಲು ಗೂಡನ್ನು ಬಿಸಿ ಮಾಡುತ್ತದೆ. ಬಾಗಿಲು ಮುಚ್ಚಿದಾಗ, ಗೂಡಿಗೆ ಸುತ್ತಿದ ತಂತಿಯಲ್ಲಿ ವಿದ್ಯುತ್ ಹರಿಸಿ ಅಷ್ಟೇ ಬಿಸಿಯನ್ನು ಕಾಯ್ದುಕೊಳ್ಳುತ್ತಾರೆ. ಬಿಸಿಲು ಬಿಟ್ಟುಹೋದ ಜಾಗವನ್ನು ತುಂಬಲು ಎಷ್ಟು ವಿದ್ಯುತ್ ಬೇಕಾಯಿತೋ ಅದೇ ಬಿಸಿಲಿನ ಬೆಲೆ. ವಿದ್ಯುತ್ತನ್ನು ವೋಲ್ಟ್, ಓಮ್‌ಗಳಲ್ಲಿ ಅತ್ಯಂತ ನಿಖರವಾಗಿ ಅಳೆಯಬಹುದು. ರಂಧ್ರದ ವಿಸ್ತೀರ್ಣವನ್ನೂ ಅಳೆಯಬಹುದು. ಹಾಗಾಗಿ ಈ ಉಪಕರಣ ತನ್ನ ಲೆಕ್ಕಕ್ಕೆ ಇನ್ನೊಂದು ಬಿಸಿಲು ಮಾಪಕವನ್ನು ಕೇಳಬೇಕಿಲ್ಲ. ತಾನೇ ಮೂಲವಾಗಬಲ್ಲದು.

ಆದರೆ ಒಂದೇ ಉಪಕರಣವನ್ನು ಜಗತ್ತಿನ ಮೂಲಮಾನ ಮಾಡಿದರೆ ಅದು ಕೆಟ್ಟಾಗ ಎಲ್ಲವೂ ಕೆಟ್ಟಂತೆ. ಅದಕ್ಕೆ ದಾವೋಸ್‌ನಲ್ಲಿ ಬೇರೆ ಬೇರೆ ವಿನ್ಯಾಸದ, ಬೇರೆ ಬೇರೆ ಕಡೆ ತಯಾರಾದ ಹಲವು ಕುಹರ ರೇಡಿಯೊಮೀಟರ್‌ಗಳನ್ನು ಒಂದು ಗುಂಪಾಗಿ ಇಟ್ಟುಕೊಂಡರು. ಇದಕ್ಕೆ ವಿಶ್ವ ಪ್ರಮಾಣ ಗುಂಪು ಎಂದು ಹೆಸರು. ಒಂದು ದಾರಿ ತಪ್ಪಿದರೆ ಉಳಿದವು ಅದನ್ನು ತೋರಿಸಿಕೊಡುತ್ತವೆ. ಗುಂಪಿನ ಸರಾಸರಿಯೇ ವಿಶ್ವ ವಿಕಿರಣ ಪ್ರಮಾಣವೆಂದು 1970ರ ದಶಕದ ಕೊನೆಯಲ್ಲಿ ಜಾರಿಗೆ ಬಂತು. ಅದರ ಅನಿಶ್ಚಿತತೆ ಶೇ 0.3 ಎಂದು ಅಂದಾಜಿಸಲಾಗಿತ್ತು. ಈ 0.3 ಮುಂದೆ ಮತ್ತೆ ಬರಲಿದೆ.

ಐದು ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಹತ್ತಾರು ದೇಶಗಳ ಹವಾಮಾನ ಇಲಾಖೆಗಳವರು ತಮ್ಮ ತಮ್ಮ ಉಪಕರಣಗಳನ್ನು ಹೊತ್ತು ಇಲ್ಲಿಗೆ ಬರುತ್ತಾರೆ. ಮೂರು ವಾರ ನಡೆಯುವ ಈ ಅಂತಾರಾಷ್ಟ್ರೀಯ ಹೋಲಿಕೆ ಶುರುವಾದದ್ದು 1959ರಲ್ಲಿ. 2020ರಲ್ಲಿ ನಡೆಯಬೇಕಿದ್ದುದು ಕೋವಿಡ್‌ನಿಂದಾಗಿ ಒಂದು ವರ್ಷ ಮುಂದೆ ಹೋಯಿತು. ಸೂರ್ಯನ ಬೆನ್ನು ಹತ್ತಿ ತಿರುಗುವ ಕಟ್ಟೆಗಳ ಮೇಲೆ ಸಾಲುಸಾಲು ಕೊಳವೆಗಳು ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಗಡಿಯಾರ ಹೊಂದಿಸಿಕೊಂಡು ಎಲ್ಲರೂ ಒಂದೇ ಕ್ಷಣಕ್ಕೆ ಅಂಕಿ ತೆಗೆಯಬೇಕು. ಮೋಡ ಬಂದರೆ ಕೆಲಸ ನಿಂತಿತು. ಚಹಾ ಕುಡಿದು ಕಾಯುವುದೇ ಗತಿ. ಮೂರು ವಾರವನ್ನು ಮೀಸಲಿಡುವುದೂ ಅದಕ್ಕೇ, ಅಷ್ಟರಲ್ಲಿ ಕೆಲವು ದಿನವಾದರೂ ಆಕಾಶ ಶುಭ್ರವಾದೀತು ಎಂಬ ಲೆಕ್ಕದಿಂದ.

ಇಲ್ಲಿ ಒರೆಗೆ ಹಚ್ಚಿಸಿಕೊಂಡ ಉಪಕರಣ ತನ್ನ ದೇಶಕ್ಕೆ ಮರಳಿ, ಅಲ್ಲಿನ ಉಳಿದವನ್ನು ಒರೆಗೆ ಹಚ್ಚುತ್ತದೆ. ಸಂತೆಯ ಅಂಗಡಿಯವನ ತೂಕದ ಬಟ್ಟಿಗೆ ತಾಲ್ಲೂಕಿನಲ್ಲಿ ಮುದ್ರೆ, ತಾಲ್ಲೂಕಿನ ಬಟ್ಟಿಗೆ ಮೇಲಿನ ಪ್ರಯೋಗಾಲಯದಲ್ಲಿ ಮುದ್ರೆ ಬೀಳುವಂತೆಯೇ ಇದೂ. ಏಷ್ಯಾದ ಪ್ರಾದೇಶಿಕ ವಿಕಿರಣ ಕೇಂದ್ರಗಳಲ್ಲಿ ಒಂದು ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿಯಲ್ಲಿದೆ. ಸೌರ ವಿದ್ಯುತ್ ಸ್ಥಾವರಗಳಲ್ಲಿ ಫಲಕಗಳ ಪಕ್ಕ ಕೂರಿಸುವ ಗಾಜಿನ ಗುಮ್ಮಟದ ಪೈರಾನೊಮೀಟರ್ ಕೂಡ ಇದೇ ಸರಪಳಿಯ ಕೊನೆಯ ಕೊಂಡಿ. ಅದರ ಜೊತೆ ಬರುವ ಪ್ರಮಾಣಪತ್ರದಲ್ಲಿ ವಿಶ್ವ ವಿಕಿರಣ ಪ್ರಮಾಣದ ಹೆಸರು ಇರುತ್ತದೆ. ಬಿದ್ದ ಬಿಸಿಲಿಗೆ ತಕ್ಕಷ್ಟು ವಿದ್ಯುತ್ ಬಂತೇ ಎಂದು ಪಾವಗಡದಂಥ ದೊಡ್ಡ ಸೌರ ಪಾರ್ಕ್‌ನಲ್ಲಿ ಲೆಕ್ಕ ಹಾಕುವಾಗ ಅರ್ಧ ಶೇಕಡಾದ ತಪ್ಪೂ ಹಣದ ಮಾತಾಗುತ್ತದೆ.

ನೆಲದ ಮೇಲಿನ ಅಳತೆಗೆ ಒಂದು ಮಿತಿಯಿದೆ. ವಾತಾವರಣ ದಿನಕ್ಕೊಂದು ಬಗೆ. ಸೂರ್ಯನೇ ಮಂಕಾದನೋ ನಡುವಿನ ಗಾಳಿಯೇ ಮಬ್ಬಾಯಿತೋ ಎಂದು ಇಲ್ಲಿ ನಿಂತು ಬಿಡಿಸಿ ಹೇಳುವುದು ಕಷ್ಟ. ವಾತಾವರಣದಾಚೆಗೆ ಹೋಗಿ ನಿರಂತರ ಅಳೆಯುವುದು ಸಾಧ್ಯವಾದದ್ದು 1978ರ ಕೊನೆಗೆ, ಅಮೆರಿಕದ ನಿಂಬಸ್-7 ಉಪಗ್ರಹದಿಂದ. 1995ರ ಡಿಸೆಂಬರ್ 2ರಂದು ಹಾರಿದ ಸೋಹೊ ನೌಕೆಯಲ್ಲಿ ದಾವೋಸ್‌ನ ರೇಡಿಯೊಮೀಟರ್‌ಗಳೂ ಹೋದವು. ಅವನ್ನು ಹೊತ್ತ ವಿರ್ಗೊ ಉಪಕರಣದ ಮುಖ್ಯಸ್ಥರು ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಕ್ಲೌಸ್ ಫ್ರೋಲಿಖ್. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ, ಸೂರ್ಯನ ದಿಕ್ಕಿನಲ್ಲಿ, ಎಲ್-1 ಎಂಬ ಬಿಂದುವಿನ ಸುತ್ತ ಸೋಹೊ ಸುತ್ತುತ್ತದೆ. ಭಾರತದ ಆದಿತ್ಯ-ಎಲ್1 ನೌಕೆ 2024ರ ಜನವರಿಯಲ್ಲಿ ನೆಲೆಗೊಂಡದ್ದೂ ಅದೇ ಬಿಂದುವಿನ ಸುತ್ತ.

ಬಾಹ್ಯಾಕಾಶದಲ್ಲಿ ಗಾಳಿಯ ಕಾಟವಿಲ್ಲ, ಆದರೆ ಬೇರೆ ಕಾಟವಿದೆ. ಸೂರ್ಯನ ಅತಿನೇರಳೆ ಕಿರಣಗಳು ಗೂಡಿನ ಕಪ್ಪು ಬಣ್ಣವನ್ನೇ ಕ್ರಮೇಣ ಬದಲಿಸುತ್ತವೆ. ಅಳೆಯುವ ವಸ್ತುವೇ ಅಳತೆಗೋಲನ್ನು ಸವೆಸುತ್ತದೆ. ಅದಕ್ಕೆ ಒಂದೇ ಬಗೆಯ ಎರಡು ರೇಡಿಯೊಮೀಟರ್‌ಗಳನ್ನು ಕಳಿಸುತ್ತಾರೆ: ಒಂದು ಸದಾ ಸೂರ್ಯನನ್ನು ನೋಡುತ್ತಿರುತ್ತದೆ, ಇನ್ನೊಂದನ್ನು ಅಪರೂಪಕ್ಕೆ ತೆರೆಯುತ್ತಾರೆ. ಎರಡರ ನಡುವೆ ಅಂತರ ಬೆಳೆದಂತೆ ಮೊದಲನೆಯದು ಎಷ್ಟು ಸವೆದಿದೆ ಎಂದು ತಿಳಿಯುತ್ತದೆ. 1998ರ ಜೂನ್‌ನಲ್ಲಿ ಸೋಹೊ ಸಂಪರ್ಕವೇ ಕಡಿದುಹೋಗಿ, ತಿಂಗಳುಗಟ್ಟಲೆ ಹೆಣಗಿದ ಮೇಲೆ ನೌಕೆ ಕೈಗೆ ಸಿಕ್ಕಿತು. ದಾಖಲೆಯಲ್ಲಿ ಆ ಅವಧಿಯ ಖಾಲಿ ಜಾಗ ಇಂದಿಗೂ ಇದೆ.

ಯಾವ ಉಪಗ್ರಹವೂ ಶಾಶ್ವತವಲ್ಲ. ಒಂದರ ದಾಖಲೆಗೆ ಇನ್ನೊಂದರದನ್ನು ಹೊಲಿಯಬೇಕು. ಈ ಹೊಲಿಗೆಯಲ್ಲೇ ಒಂದು ದೊಡ್ಡ ವಿವಾದ ಹುಟ್ಟಿತು. ಅಮೆರಿಕದ ಮೊದಲ ಆ್ಯಕ್ರಿಮ್ ಉಪಕರಣ 1989ರಲ್ಲಿ ನಿಂತಿತು. ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಿಂದ ಶಟಲ್ ಉಡಾವಣೆಗಳೆಲ್ಲ ತಡವಾಗಿದ್ದರಿಂದ ಅದರ ಉತ್ತರಾಧಿಕಾರಿ ಮೇಲೆ ಹೋದದ್ದು 1991ರಲ್ಲಿ. ನಡುವಿನ ಎರಡು ವರ್ಷಗಳಿಗೆ ನಿಂಬಸ್-7ರಂಥ ಅಷ್ಟೊಂದು ನಿಖರವಲ್ಲದ ಉಪಕರಣಗಳನ್ನೇ ನಂಬಬೇಕಾಯಿತು. ನಿಂಬಸ್ ಅಂಕಿಗಳನ್ನು ಇದ್ದಂತೆಯೇ ತೆಗೆದುಕೊಂಡ ಆ್ಯಕ್ರಿಮ್ ತಂಡಕ್ಕೆ, ಸೂರ್ಯನ ಚಟುವಟಿಕೆ ಏರಿ ಇಳಿಯುವ ಎರಡು ಸೌರಚಕ್ರಗಳ ನಡುವೆ ಸೂರ್ಯ ತುಸು ಪ್ರಖರನಾದಂತೆ ಕಂಡಿತು. ಆ ಅವಧಿಯಲ್ಲಿ ನಿಂಬಸ್ ಉಪಕರಣದ ಸಂವೇದನೆಯೇ ಜಾರಿತ್ತು ಎಂದು ತೋರಿಸಿ, ಅದನ್ನು ಸರಿಪಡಿಸಿ ಹೊಲಿದ ಫ್ರೋಲಿಖ್ ಅವರ ಪಿಎಂಒಡಿ ಸರಣಿಯಲ್ಲಿ ಅಂಥ ಏರಿಕೆ ಇಲ್ಲ. ಭೂಮಿ ಬಿಸಿಯಾಗಲು ಸೂರ್ಯನೇ ಕಾರಣ ಎನ್ನುವವರು ಒಂದು ಸರಣಿಯನ್ನು ಎತ್ತಿ ಹಿಡಿದರು, ಅಲ್ಲವೆನ್ನುವವರು ಇನ್ನೊಂದನ್ನು. ಉಪಕರಣದ ಒಳಗಿನ ಕಪ್ಪು ಬಣ್ಣದ ತಾಂತ್ರಿಕ ಪ್ರಶ್ನೆ ರಾಜಕೀಯ ವೇದಿಕೆಗೂ ಹೋಯಿತು. ಬಹುಪಾಲು ಸೌರತಜ್ಞರು ಇಂದು ಒಪ್ಪುವುದು ದೀರ್ಘಾವಧಿ ಏರಿಕೆಯಿಲ್ಲದ ಚಿತ್ರವನ್ನು. ಸೂರ್ಯನ ಚಟುವಟಿಕೆ ತಳ ಮುಟ್ಟಿದ 2008ರ ಸೌರ ಕನಿಷ್ಠದಲ್ಲಂತೂ ಪಿಎಂಒಡಿ ಸರಣಿ 1996ರ ಕನಿಷ್ಠಕ್ಕಿಂತ ಸ್ವಲ್ಪ ಕೆಳಗೇ ಇತ್ತು.

ಹಾಗಾದರೆ ಸೂರ್ಯ ಬದಲಾಗುವುದೇ ಇಲ್ಲವೇ? ಬದಲಾಗುತ್ತಾನೆ. ಭೂಮಿ ತನ್ನ ಸರಾಸರಿ ದೂರದಲ್ಲಿದ್ದಾಗ, ವಾತಾವರಣದ ಹೊರಗೆ, ಸೂರ್ಯನಿಗೆ ನೇರ ಹಿಡಿದ ಒಂದು ಚದರ ಮೀಟರಿಗೆ ಬೀಳುವುದು ಸುಮಾರು 1,361 ವ್ಯಾಟ್. ಸರಿಸುಮಾರು ಹನ್ನೊಂದು ವರ್ಷಗಳ ಸೌರಚಕ್ರದಲ್ಲಿ ಇದು ಶೇ 0.1ರಷ್ಟು, ಎಂದರೆ ಒಂದು ವ್ಯಾಟ್‌ಗೆ ತುಸು ಮೇಲೆ, ಏರಿ ಇಳಿಯುತ್ತದೆ. ವಿಚಿತ್ರವೆಂದರೆ ಸೂರ್ಯಕಲೆಗಳು ಹೆಚ್ಚಿದ್ದಾಗಲೇ ಸೂರ್ಯ ಹೆಚ್ಚು ಪ್ರಖರ. ಕಲೆಗಳು ಕಪ್ಪಾದರೂ ಅವುಗಳ ಸುತ್ತ ಏಳುವ ಹೊಳಪಿನ ಪಟ್ಟೆಗಳು ಆ ನಷ್ಟವನ್ನು ಮೀರಿಸುತ್ತವೆ. ಈ ವ್ಯತ್ಯಾಸ ಭೂಮಿಗೆ ಎಷ್ಟು ತಟ್ಟುತ್ತದೆ? ಭೂಮಿ ದುಂಡಗಿರುವುದರಿಂದ 1,361ನ್ನು ನಾಲ್ಕರಿಂದ ಭಾಗಿಸಬೇಕು. ಸರಾಸರಿ 340 ವ್ಯಾಟ್ ಸಿಗುತ್ತದೆ. ಅದರಲ್ಲಿ ಸುಮಾರು ಶೇ 30ನ್ನು ಮೋಡ, ಹಿಮ, ಮರಳುಗಾಡುಗಳು ಹಿಂದಕ್ಕೆ ಅಟ್ಟುತ್ತವೆ. ಉಳಿಯುವುದು 240. ಇದೇ ಲೆಕ್ಕದಲ್ಲಿ ಸೌರಚಕ್ರದ ಏರಿಳಿತ ಭೂಮಿಯ ಮಟ್ಟಿಗೆ ಚದರ ಮೀಟರಿಗೆ ವ್ಯಾಟ್‌ನ ಐದನೇ ಒಂದು ಭಾಗದ ಆಸುಪಾಸು. 1750ರಿಂದ 2019ರವರೆಗೆ ಮನುಷ್ಯನ ಚಟುವಟಿಕೆಯಿಂದ ಬಿದ್ದಿರುವ ಹೆಚ್ಚುವರಿ ಹೊರೆಯನ್ನು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯಾದ ಐಪಿಸಿಸಿಯ ಆರನೇ ವರದಿ 2.72 ವ್ಯಾಟ್ ಎನ್ನುತ್ತದೆ. ಅದೇ ಅವಧಿಗೆ ಸೂರ್ಯನ ಪಾಲು ಸೊನ್ನೆಯ ಹತ್ತಿರ. ಸೂರ್ಯನನ್ನು ಆರೋಪಿ ಸ್ಥಾನದಿಂದ ಬಿಡಿಸಿದ್ದು ವಾದವಿವಾದಕ್ಕಿಂತ ಹೆಚ್ಚಾಗಿ ದಶಕಗಳ ಈ ಬೇಸರದ ಅಳತೆಯೇ.

ಆದರೆ ಹಿಂದಿನ ಶತಮಾನಗಳ ಸೂರ್ಯನ ವಿಚಾರ ಅಷ್ಟು ಸಲೀಸಲ್ಲ. 1645ರಿಂದ 1715ರವರೆಗಿನ ಮೌಂಡರ್ ಕನಿಷ್ಠದಲ್ಲಿ ಸೂರ್ಯಕಲೆಗಳೇ ವಿರಳವಾಗಿದ್ದವು. ಆಗ ಸೂರ್ಯ ಎಷ್ಟು ಮಂಕಾಗಿದ್ದ ಎಂದು ದಾವೋಸ್‌ನ ತಂಡವೇ 2011ರಲ್ಲಿ ಲೆಕ್ಕ ಹಾಕಿ, ಇಂದಿಗಿಂತ ಸುಮಾರು 6 ವ್ಯಾಟ್ ಕಡಿಮೆ ಎಂದು ಪ್ರಕಟಿಸಿತು. ಇದು ವಿಪರೀತವಾಯಿತೆಂದು ಬೇರೆಯವರು ಆಕ್ಷೇಪಿಸಿದರು. ಮುಂದೆ ತಂಡವೇ ಆ ಅಂಕಿಯನ್ನು ಕೆಳಗಿಳಿಸಿತು. ಉಪಗ್ರಹಗಳಿಲ್ಲದ ಕಾಲಕ್ಕೆ ಮರದ ಉಂಗುರ, ಮಂಜುಗಡ್ಡೆಯ ಪದರಗಳಲ್ಲಿ ಉಳಿದ ಸುಳಿವುಗಳಂಥವೇ ಸಾಕ್ಷಿ. ಅವುಗಳಿಂದ ವ್ಯಾಟ್‌ಗೆ ಹೋಗುವ ದಾರಿಯಲ್ಲಿ ಊಹೆ ನುಸುಳದೆ ಇರುವುದಿಲ್ಲ.

ಒಟ್ಟು ಶಕ್ತಿ ಶೇ 0.1ರಷ್ಟೇ ಬದಲಾದರೂ ಅತಿನೇರಳೆ ಭಾಗ ಅದಕ್ಕಿಂತ ಬಹಳ ಹೆಚ್ಚು ಏರಿಳಿಯುತ್ತದೆ. ಆ ಕಿರಣಗಳು ಮೇಲಿನ ವಾತಾವರಣದಲ್ಲಿ ಓಝೋನ್ ಹುಟ್ಟಿಸುತ್ತವೆ, ಓಝೋನ್ ಅದೇ ಕಿರಣಗಳನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿ ಗಾಳಿಯ ಹರಿವನ್ನು ಬದಲಿಸುತ್ತದೆ. ಈ ಸರಣಿಯನ್ನು ಅರಿಯಲು ಪಿಎಂಒಡಿ, ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದೊಂದಿಗೆ ಸೇರಿ ಸೊಕಾಲ್ ಎಂಬ ಗಣಕ ಮಾದರಿಯನ್ನು ಬೆಳೆಸಿದೆ. ಓಝೋನ್ ಪದರ ಉಳಿಸಿದ ಮಾಂಟ್ರಿಯಲ್ ಒಪ್ಪಂದ ಆಗದೇ ಹೋಗಿದ್ದರೆ ಭೂಮಿ ಹೇಗಿರುತ್ತಿತ್ತು ಎಂಬುದನ್ನೂ ಈ ಮಾದರಿಯಲ್ಲಿ ಓಡಿಸಿ ನೋಡಿದ್ದಾರೆ. ಓಝೋನ್ ಅಳತೆಗಂತೂ ಈ ನೆರೆಹೊರೆಗೆ ಹಳೆಯ ನಂಟು. ಬೆಟ್ಟದಾಚೆಯ ಅರೋಸಾ ಊರಿನಲ್ಲಿ 1926ರಲ್ಲಿ ಶುರುವಾದ ಓಝೋನ್ ದಾಖಲೆ ಜಗತ್ತಿನಲ್ಲೇ ಅತಿ ದೀರ್ಘವಾದದ್ದು. ವರ್ಷಗಟ್ಟಲೆ ಎರಡೂ ಕಡೆ ಜೊತೆಜೊತೆಯಾಗಿ ಅಳೆದು, ಸರಣಿಯಲ್ಲಿ ಬಿರುಕು ಬಾರದಂತೆ ನೋಡಿಕೊಂಡು, 2021ರ ಹೊತ್ತಿಗೆ ಆ ಉಪಕರಣಗಳನ್ನೆಲ್ಲ ದಾವೋಸ್‌ಗೆ ತಂದರು.

ಬಿಸಿಲಿನ ಜೊತೆಗೆ ಸಂಸ್ಥೆ ಕಾಯುವ ಇತರ ಪ್ರಮಾಣಗಳೂ ಇವೆ. ಆಕಾಶದಿಂದ ಹಗಲೂ ರಾತ್ರಿ ನೆಲಕ್ಕೆ ಮರಳಿ ಬರುವ ಅವಗೆಂಪು ಶಾಖದ ಮೂಲಮಾನ ಇಲ್ಲಿದೆ. ಹಸಿರುಮನೆ ಪರಿಣಾಮವನ್ನು ನೆಲದಲ್ಲಿ ನಿಂತು ನೇರವಾಗಿ ಅಳೆಯಲು ಸಾಧ್ಯವಿರುವುದು ಇದರಿಂದಲೇ. ಆಲ್ಪ್ಸ್‌ನ ಬೇರೆ ಬೇರೆ ಎತ್ತರಗಳಲ್ಲಿ 1995ರಿಂದ 2002ರವರೆಗೆ ಇಂಥ ಉಪಕರಣಗಳನ್ನಿಟ್ಟು ರೋಲ್ಫ್ ಫಿಲಿಪೋನಾ ಮತ್ತು ಸಂಗಡಿಗರು ಈ ಶಾಖ ಹೆಚ್ಚುತ್ತಿರುವುದನ್ನು ದಾಖಲಿಸಿದ್ದರು. ಗಾಳಿಯಲ್ಲಿ ತೇಲುವ ಧೂಳು, ಹೊಗೆಯ ಕಣಗಳು ಬಿಸಿಲನ್ನು ಎಷ್ಟು ತಡೆಯುತ್ತವೆ ಎಂಬುದನ್ನು ನಾಲ್ಕು ಬಣ್ಣಗಳಲ್ಲಿ ಅಳೆಯುವ ಸೋಸು ರೇಡಿಯೊಮೀಟರ್‌ಗಳೂ ಇಲ್ಲಿಯವೇ. ಹವಾಯಿಯ ಮೌನಾ ಲೋವಾದಂಥ ಕಡೆಗಳಲ್ಲಿ ಅವು ಕೆಲಸ ಮಾಡುತ್ತವೆ. ಅತಿನೇರಳೆ ಅಳತೆಗೆ ಮಾತ್ರ ಪದ್ಧತಿ ತಿರುಗುಮುರುಗು. ಆ ಉಪಕರಣಗಳು ದೊಡ್ಡವು, ನಾಜೂಕಿನವು. ಅವುಗಳನ್ನು ದಾವೋಸ್‌ಗೆ ತರಿಸುವ ಬದಲು ದಾವೋಸ್‌ನ ಸಂಚಾರಿ ಉಪಕರಣವೇ ಊರೂರಿಗೆ ಹೋಗಿ ಅವುಗಳ ಪಕ್ಕ ನಿಲ್ಲುತ್ತದೆ.

ಈಗ 0.3ರ ಮಾತು. ಉಪಗ್ರಹಗಳು ಸೂರ್ಯನ ಶಕ್ತಿ ಸುಮಾರು 1,365 ವ್ಯಾಟ್ ಎಂದು ಬಹುಕಾಲ ಹೇಳುತ್ತಿದ್ದವು. 2003ರಲ್ಲಿ ಹಾರಿದ ಅಮೆರಿಕದ ಹೊಸ ವಿನ್ಯಾಸದ ಉಪಕರಣ 1,361 ಎಂದಾಗ ಮೊದಲು ಯಾರೂ ಪೂರ್ತಿ ನಂಬಲಿಲ್ಲ. ತಪ್ಪು ಹಳೆಯ ವಿನ್ಯಾಸಗಳಲ್ಲಿತ್ತು. ಅವುಗಳಲ್ಲಿ ನಿಖರ ರಂಧ್ರ ಒಳಗೆ, ದೊಡ್ಡ ಬಾಯಿ ಮುಂದೆ. ಬಾಯಿಯಿಂದ ಬೇಡದ ಬೆಳಕೂ ಚದುರಿ ಒಳಸೇರುತ್ತಿತ್ತು. ಹೊಸದರಲ್ಲಿ ಚಿಕ್ಕ ರಂಧ್ರವೇ ಮುಂದಿತ್ತು. 2010ರಲ್ಲಿ ಪಿಕಾರ್ ಉಪಗ್ರಹದಲ್ಲಿ ಹೋದ ದಾವೋಸ್‌ನ ಪ್ರೆಮೋಸ್ ಉಪಕರಣವನ್ನು ಮೊದಲೇ ನಿರ್ವಾತದಲ್ಲಿ ಒರೆಗೆ ಹಚ್ಚಲಾಗಿತ್ತು. ಅದೂ ಕಡಿಮೆ ಬೆಲೆಯನ್ನೇ ಎತ್ತಿ ಹಿಡಿಯಿತು. ಅದೇ ಪರೀಕ್ಷೆಗಳಲ್ಲಿ ಇನ್ನೊಂದು ಸತ್ಯವೂ ಹೊರಬಿತ್ತು: ದಾವೋಸ್ ತಾನೇ ಕಾಯುತ್ತಿದ್ದ ವಿಶ್ವ ವಿಕಿರಣ ಪ್ರಮಾಣ, ನಿಜವಾದ ವ್ಯಾಟ್‌ಗಿಂತ ಸುಮಾರು ಶೇ 0.3 ಹೆಚ್ಚು ತೋರಿಸುತ್ತದೆ. 1,000 ವ್ಯಾಟ್ ಬಿಸಿಲಿಗೆ ಇದು 3 ವ್ಯಾಟ್. ಭೂಮಿ ಹೀರುವ 240 ವ್ಯಾಟ್‌ಗೆ ಹಚ್ಚಿದರೆ 0.7 ವ್ಯಾಟ್, ಭೂಮಿಗೆ ಬರುವ ಮತ್ತು ಭೂಮಿಯಿಂದ ಹೋಗುವ ಶಕ್ತಿಯ ನಡುವಿನ ಅಸಮತೋಲನವೂ ಸರಿಸುಮಾರು ಇದೇ ದರ್ಜೆಯದು.

ಇದನ್ನು ಸರಿಪಡಿಸಲು ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್‌ನ ರಾಷ್ಟ್ರೀಯ ಮಾಪನ ಸಂಸ್ಥೆಗಳ ಜೊತೆಗೂಡಿ ಪಿಎಂಒಡಿ ಹೊಸ ಮೂಲಮಾನ ತಯಾರಿಸಿದೆ. ಇದರ ಗೂಡನ್ನು ಸೊನ್ನೆಗಿಂತ 240 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ತಣಿಸಿ ಇಡುತ್ತಾರೆ. ಅಷ್ಟು ತಣ್ಣಗಿದ್ದರೆ ಸುತ್ತಲಿನ ಶಾಖದ ಗಲಾಟೆ ಇರುವುದಿಲ್ಲ, ತಾಮ್ರದ ಗೂಡು ಬೇಗ ಬಿಸಿಯಾಗುತ್ತದೆ, ತಂತಿಗಳಲ್ಲಿ ಪೋಲು ಇರುವುದಿಲ್ಲ. ಆದರೆ ತಣ್ಣಗಿನ ನಿರ್ವಾತದ ಕೋಣೆಗೆ ಬಿಸಿಲು ಹೋಗಲು ಗಾಜಿನಂಥ ಕಿಟಕಿ ಬೇಕು, ಕಿಟಕಿ ಸ್ವಲ್ಪ ಬಿಸಿಲನ್ನು ತಾನೇ ತಿನ್ನುತ್ತದೆ. ಎಷ್ಟು ತಿಂದಿತೆಂದು ಅಳೆಯಲು ಪಕ್ಕದಲ್ಲೇ ಮತ್ತೊಂದು ಉಪಕರಣ ನಿಂತಿರುತ್ತದೆ.

ಬಾಹ್ಯಾಕಾಶದ ಕೆಲಸವೂ ಮುಂದುವರಿದಿದೆ.  ನಾರ್ವೆಯ ನಾರ್‌ಸ್ಯಾಟ್-1 ಉಪಗ್ರಹದಲ್ಲಿ 2017ರಲ್ಲಿ, ಚೀನಾದ ಹವಾಮಾನ ಉಪಗ್ರಹವೊಂದರಲ್ಲಿ 2021ರಲ್ಲಿ ದಾವೋಸ್‌ನ ರೇಡಿಯೊಮೀಟರ್‌ಗಳು ಹೋದವು. ಡಾರಾ ಎಂಬ ಇನ್ನೊಂದು ಹಾರಿದ್ದು 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ, ಇಸ್ರೋದ ಪಿಎಸ್‌ಎಲ್‌ವಿ-ಸಿ59 ರಾಕೆಟ್‌ನಲ್ಲಿ. ಆ ರಾಕೆಟ್ ಹೊತ್ತೊಯ್ದ ಯುರೋಪಿನ ಪ್ರೋಬಾ-3 ಯೋಜನೆಯ ಎರಡು ನೌಕೆಗಳು ಸುಮಾರು 150 ಮೀಟರ್ ಅಂತರದಲ್ಲಿ ಸಾಲಾಗಿ ನಿಂತು, ಒಂದು ಸೂರ್ಯನನ್ನು ಮರೆಮಾಡಿ ಇನ್ನೊಂದಕ್ಕೆ ಕೃತಕ ಗ್ರಹಣ ಕಾಣಿಸುತ್ತವೆ. ಮರೆಮಾಡುವ ನೌಕೆಯ ಸೂರ್ಯಾಭಿಮುಖ ಬದಿಯಲ್ಲಿ ಡಾರಾ ಕೂತಿದೆ.